ಕಿಂಡಿಯಿಂದ ಕಂಡ ಮೊದಲ ಹತ್ತು ನಿಮಿಷ

ಮಾಗಡಿ ರಸ್ತೆಯ ಚಿತ್ರಮಂದಿರವೊಂದರಲ್ಲಿ ಆಪರೇಟರ್ ಆಗಿದ್ದು ಈಗ ಕೆಂಗೇರಿ ಉಪನಗರದಲ್ಲಿರುವ ಸೋದರಮಾವ. ಬಸವೇಶ್ವರನಗರದ ಸಣ್ಣ ಸ್ಟುಡಿಯೊದಲ್ಲಿ ಟ್ರೇಲರ್ ಕಟ್ ಮಾಡುವ ಅವರ ಅಕ್ಕನ ಮಗಳು. ಇಬ್ಬರ ನಡುವೆ ನಡೆದ ಮಾತು ಇದು.

ಎಡಿಟರ್: ಮಾವ, ಈಗ ಕೈಯಲ್ಲಿರೋ ಟ್ರೇಲರ್ ವಿಷಯದಲ್ಲಿ ನಿರ್ಮಾಪಕರು ಒಂದೇ ಪಟ್ಟು ಹಿಡಿದಿದ್ದಾರೆ. ಮೊದಲ ಮೂರು ಸೆಕೆಂಡಲ್ಲೇ ಹೊಡೆದಾಟ ಬರಬೇಕಂತೆ. ಇಲ್ಲದಿದ್ರೆ ಜನ ಬೆರಳಾಡಿಸಿ ಮುಂದಕ್ಕೆ ಹೋಗ್ತಾರೆ ಅಂತ ಅವರ ಭಯ. ಆ ಮಾತನ್ನ ತಳ್ಳಿಹಾಕೋಕೂ ಆಗಲ್ಲ. ಮೆಟ್ರೋದಲ್ಲಿ ನಿಮ್ಮನೆಯಿಂದ ವಿಜಯನಗರಕ್ಕೆ ವಾಪಸ್ ಹೋಗುವಾಗ ನಾನು ಪಕ್ಕದವರ ಫೋನೇ ನೋಡ್ತಾ ಇರ್ತೀನಿ. ಟ್ರೇಲರ್ ಬಂದಾಗ ಹೆಬ್ಬೆರಳು ಗಾಜಿನ ಮೇಲೇ ಕೂತಿರುತ್ತೆ, ತಳ್ಳೋಕೆ ರೆಡಿಯಾಗಿ. ಸೌಂಡ್ ಆಫ್ ಆಗಿರುತ್ತೆ. ಅಕ್ಷರ ಓದ್ತಾರೆ, ಮುಖ ಗುರುತು ಹಿಡೀತಾರೆ, ಮುಂದೆ. ಪಟ್ಟಣಗೆರೆಯಿಂದ ನಾಯಂಡಹಳ್ಳಿಗೆ ಬರೋಷ್ಟರಲ್ಲಿ ಮೂರು ನಾಲ್ಕು ಸಿನಿಮಾದ ಹಣೆಬರಹ ಮುಗಿದುಹೋಗಿರುತ್ತೆ.

ಆಪರೇಟರ್: ಅಂದ್ರೆ ನೀನು ಟ್ರೇಲರ್ ಮಾಡೋದು ಹೊರಟು ನಿಂತವನ ಕೈ ಹಿಡಿದು ನಿಲ್ಲಿಸೋಕೆ. ನಮ್ಮ ಕಾಲದಲ್ಲಿ ಟ್ರೇಲರ್ ನೋಡೋನು ಆಗಲೇ ಟಿಕೆಟ್ ತಗೊಂಡು ಒಳಗೆ ಕೂತಿರ್ತಿದ್ದ. ಬಾಗಿಲು ಹಾಕಿರ್ತಿತ್ತು, ದೀಪ ಆರಿರ್ತಿತ್ತು. ಅವನು ಎದ್ದು ಹೋಗಲ್ಲ ಅನ್ನೋದು ಟ್ರೇಲರ್ ಮಾಡಿದವರಿಗೂ ಗೊತ್ತಿತ್ತು. ಹಾಗಾಗಿ ಅವರಿಗೆ ಕಿರುಚೋ ಅಗತ್ಯ ಬೀಳ್ತಿರಲಿಲ್ಲ.

ಎಡಿಟರ್: ನಿಮ್ಮ ಕೈಗೆ ಅದು ಹೇಗೆ ಬರ್ತಿತ್ತು?

ಆಪರೇಟರ್: ಗಾಂಧಿನಗರದ ಹಂಚಿಕೆದಾರರ ಆಫೀಸಿಂದ, ಅಂಗೈಗಿಂತ ಸ್ವಲ್ಪ ಅಗಲದ ತಗಡಿನ ಡಬ್ಬದಲ್ಲಿ. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತೆ. ಮೂರು ನಿಮಿಷದ ಟ್ರೇಲರ್ ಅಂದ್ರೆ 270 ಅಡಿ. ಬೆಳಕಿಗೆ ಹಿಡಿದು ನೋಡ್ತಿದ್ದೆ, ಅಂಚಿನ ತೂತು ಹರಿದಿದ್ಯಾ ಅಂತ ಬೆರಳಲ್ಲಿ ಸವರ್ತಿದ್ದೆ, ಆಮೇಲೆ ಮೊದಲ ರೀಲಿನ ತಲೆಗೋ ಇಂಟರ್‌ವಲ್ ಆದ ಮೇಲಿನ ರೀಲಿನ ತಲೆಗೋ ಜಾಯಿಂಟ್ ಹಾಕ್ತಿದ್ದೆ. ಎಲ್ಲಿ ಅನ್ನೋದು ಮ್ಯಾನೇಜರ್ ತೀರ್ಮಾನ. ಆದ್ರೂ ನನ್ನನ್ನ ಒಂದು ಮಾತು ಕೇಳೋರು. ನಾನು ಯಾವಾಗಲೂ ಇಂಟರ್‌ವಲ್ ಆದ ಮೇಲೆ ಅಂತಿದ್ದೆ. ಶುರುವಿನಲ್ಲಿ ಜನ ಸೀಟು ಹುಡುಕ್ತಿರ್ತಾರೆ, ಮಕ್ಕಳು ಹಟ ಮಾಡ್ತಿರ್ತಾವೆ. ಇಂಟರ್‌ವಲ್ ಮುಗಿಸಿ ಬಂದವರಿಗೆ ಅರ್ಧ ಕಥೆಯ ಕಾವು ಇರುತ್ತೆ. ಕಣ್ಣು ಪರದೆ ಮೇಲೇ ಇರುತ್ತೆ.

ಎಡಿಟರ್: ಟ್ರೇಲರ್ ಹಿಡಿಸ್ತು ಅಂತ ಹೇಗೆ ತಿಳೀತಿತ್ತು? ನಮಗಾದ್ರೆ ಎಷ್ಟನೇ ಸೆಕೆಂಡಿಗೆ ಎಷ್ಟು ಜನ ಬಿಟ್ಟುಹೋದ್ರು ಅಂತ ತೋರಿಸೋ ಗ್ರಾಫ್ ಇದೆ.

ಆಪರೇಟರ್: ನನಗೆ ಕ್ಯಾಬಿನ್ನಿನ ಕಿಂಡಿ ಇತ್ತು. ಪ್ರೊಜೆಕ್ಟರ್ ಪಕ್ಕದಲ್ಲಿ ಒಂದು ಚಿಕ್ಕ ಚೌಕದ ಗಾಜು. ಕಾರ್ಬನ್ ಕಡ್ಡಿ ಸರಿಯಾಗಿ ಉರೀತಿದ್ಯಾ ಅಂತ ಒಂದು ಕಣ್ಣು, ಪರದೆಯ ಬಲಮೂಲೆಯಲ್ಲಿ ರೀಲು ಬದಲಿಸೋ ಚುಕ್ಕೆ ಬಂತಾ ಅಂತ ಇನ್ನೊಂದು ಕಣ್ಣು. ಈ ಎರಡರ ನಡುವೆ ಬಿಡುವು ಸಿಕ್ಕಾಗ ಜನರ ತಲೆ ನೋಡ್ತಿದ್ದೆ. ಶಿಳ್ಳೆ ನಂಬೋ ಹಾಗಿಲ್ಲ. ರಾಜ್‌ಕುಮಾರ್ ಮುಖ ಬಂದ್ರೆ, ವಿಷ್ಣು ಮುಖ ಬಂದ್ರೆ ಗಾಂಧಿ ಕ್ಲಾಸಲ್ಲಿ ಶಿಳ್ಳೆ ಬಿದ್ದೇ ಬೀಳ್ತಿತ್ತು, ಟ್ರೇಲರ್ ಹೇಗೇ ಇರಲಿ. ನಾನು ಕಾಯ್ತಿದ್ದದ್ದು ಟ್ರೇಲರ್ ಮುಗಿದ ತಕ್ಷಣದ ಗಳಿಗೆಗೆ. ಆಗ ತಲೆಗಳು ಪಕ್ಕಕ್ಕೆ ತಿರುಗಬೇಕು. ಹೆಂಡತಿ ಗಂಡನ ಕಡೆ, ಹುಡುಗ ಜೊತೆಗಾರನ ಕಡೆ. ತಿರುಗಿದ್ರು ಅಂದ್ರೆ ಏನೋ ಕೇಳ್ಕೊಳ್ತಿದ್ದಾರೆ, ಆ ಸಿನಿಮಾಕ್ಕೆ ಬರ್ತಾರೆ. ತಲೆ ನೆಟ್ಟಗೇ ಇದ್ರೆ ಟ್ರೇಲರ್ ಎಲ್ಲ ಹೇಳಿಬಿಟ್ಟಿದೆ, ಇವರಿಗೆ ಕೇಳೋಕೆ ಏನೂ ಉಳಿದಿಲ್ಲ.

ಎಡಿಟರ್: ಇದು ನನ್ನ ಗ್ರಾಫಲ್ಲಿ ಸಿಗಲ್ಲ, ಮಾವ. ಅಲ್ಲಿ ನಿಂತವನು, ಹೋದವನು ಇಷ್ಟೇ ಲೆಕ್ಕ. ಒಬ್ಬ ಇನ್ನೊಬ್ಬನ ಕಡೆ ತಿರುಗಿದ್ದು ಕಾಣಲ್ಲ.

ಆಪರೇಟರ್: ಟ್ರೇಲರ್ ಒಂದೇ ಅಲ್ಲ, ಅವತ್ತು ಎಲ್ಲವೂ ಹಾಗೇ ಇತ್ತು. ಗೇಟಿನ ಹತ್ತಿರ ಹಾಡಿನ ಪುಸ್ತಕ ಮಾರೋರು. ಅದರಲ್ಲಿ ಕಥಾಸಾರಾಂಶ ಇರ್ತಿತ್ತು. ನಾಯಕಿ ಮನೆ ಬಿಟ್ಟು ಹೊರಟಳು ಅನ್ನೋವರೆಗೆ ಹೇಳಿ, ಮುಂದಿನದನ್ನ ಬೆಳ್ಳಿತೆರೆಯ ಮೇಲೇ ನೋಡಿ ಅಂತ ನಿಲ್ಲಿಸೋರು. ವಿವಿಧ ಭಾರತಿಯಲ್ಲಿ ಹೊಸ ಸಿನಿಮಾದ ಪ್ರಾಯೋಜಿತ ಕಾರ್ಯಕ್ರಮ ಬರೋದು. ಎರಡು ಹಾಡಿನ ತುಣುಕು, ನಾಲ್ಕು ಸಾಲು ಸಂಭಾಷಣೆ, ಬಾಗಿಲು ಬಡಿದ ಸದ್ದು, ಒಂದು ಕಿರುಚಾಟ. ಅಷ್ಟೇ. ಬಾಗಿಲು ಬಡಿದೋರು ಯಾರು ಅಂತ ನಿಮ್ಮಜ್ಜಿ ಅಡುಗೆಮನೆಯಲ್ಲಿ ಅರ್ಧ ದಿನ ಯೋಚಿಸೋರು.

ಎಡಿಟರ್: ಇದನ್ನೇ ಉಪೇಂದ್ರ ಈಗಿನ ಕಾಲಕ್ಕೆ ಮಾಡಿ ತೋರಿಸಿದ್ರಲ್ಲ. 2023ರ ಸೆಪ್ಟೆಂಬರ್ 18, ಅವರ ಹುಟ್ಟುಹಬ್ಬದ ದಿನ, ಊರ್ವಶಿ ಚಿತ್ರಮಂದಿರದಲ್ಲಿ ‘ಯುಐ’ ಟೀಸರ್ ಬಿಟ್ರು. ಪರದೆ ಮೇಲೆ ಬರೀ ಕತ್ತಲೆ, ಕೇಳಿಸೋದು ಶಬ್ದ ಮಾತ್ರ. ದೃಶ್ಯ ನೀವೇ ಊಹಿಸಿಕೊಳ್ಳಿ ಅಂತ. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಟ್ರೇಲರ್‌ಗೆ ಸಿನಿಮಾದ ದೃಶ್ಯಗಳನ್ನ ಮುಟ್ಟಲೇ ಇಲ್ಲ. ತಾನೇ ಆ ಮೋಟೆಲು, ಆ ಹಳೇ ಮನೆಯಲ್ಲಿ ಓಡಾಡಿ, ಇಲ್ಲಿ ಏನೋ ಆಯ್ತು, ಅಲ್ಲಿ ಏನೋ ಆಯ್ತು ಅಂತ ಮಾತಾಡಿಕೊಂಡು ಬಂದ್ರು. ಕೊನೆಗೆ ಸ್ನಾನದಮನೆ ಪರದೆ ಸರಿಸಿದ್ರು. ಅಷ್ಟಕ್ಕೆ ಜನಕ್ಕೆ ಸಾಕಾಯ್ತು.

ಆಪರೇಟರ್: ಒಪ್ಪಿದೆ. ಆದ್ರೆ ಒಂದು ಯೋಚನೆ ಮಾಡು. ಉಪೇಂದ್ರ ಕತ್ತಲೆ ತೋರಿಸಿದ್ರೆ ಜನ ನಿಂತು ಕೇಳ್ತಾರೆ, ಯಾಕಂದ್ರೆ ಅದರ ಹಿಂದೆ 1995ರ ‘ಓಂ’ ಇದೆ, 1998ರ ‘ಎ’ ಇದೆ. ಹಿಚ್‌ಕಾಕ್ ಮುಖವೂ ಅಷ್ಟೊತ್ತಿಗೆ ಅಲ್ಲಿನ ಟಿ.ವಿ.ಯಲ್ಲಿ ಮನೆಮನೆಗೆ ಗೊತ್ತಿತ್ತು. ಹೆಸರಿಲ್ಲದ ಹುಡುಗ ಕತ್ತಲೆ ತೋರಿಸಿದ್ರೆ ಫೋನ್ ಕೆಟ್ಟಿದೆ ಅಂತಾರೆ. ಮುಚ್ಚಿಡೋಕೂ ಸ್ವಲ್ಪ ಬಂಡವಾಳ ಬೇಕು.

ಎಡಿಟರ್: ಪವನ್ ಕುಮಾರ್ ಹತ್ತಿರ ಯಾವ ಬಂಡವಾಳ ಇತ್ತು? ‘ಲೂಸಿಯಾ’ಗೆ ನಿರ್ಮಾಪಕರು ಸಿಗದೆ 2012ರಲ್ಲಿ ಜನರನ್ನೇ ದುಡ್ಡು ಕೇಳಿದ್ರು. ನೂರಕ್ಕೂ ಹೆಚ್ಚು ಜನ ಸೇರಿ 51 ಲಕ್ಷ ಕೊಟ್ರು. ಮುಂದಿನ ವರ್ಷ ಸಿನಿಮಾ ಬಂತು. ಅದರ ನಾಯಕ ನಿಮ್ಮೋನೇ, ಚಿತ್ರಮಂದಿರದಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸೋ ಹುಡುಗ. ಶುರುವಾಗೋದು ಆಸ್ಪತ್ರೆ ಮಂಚದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದ ಒಬ್ಬನಿಂದ. ಇವನು ಇಲ್ಲಿಗೆ ಹೇಗೆ ಬಂದ ಅಂತ ಪತ್ತೆ ಮಾಡೋಕೆ ಹೊರಡ್ತಾರೆ. ಆಮೇಲೆ ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಯಾವುದು ಕನಸು ಅಂತ ಕೊನೆವರೆಗೂ ನಾವೇ ಹುಡುಕ್ತಾ ಕೂರ್ತೀವಿ. ಸ್ಟಾರ್ ಇರಲಿಲ್ಲ. ಪ್ರಶ್ನೆಯೊಂದೇ ಕೂರಿಸ್ತು.

ಆಪರೇಟರ್: ಅದು ಸರಿ. ಟಾರ್ಚ್ ಹುಡುಗರನ್ನ ಯಾರೂ ತಿರುಗಿ ನೋಡಲ್ಲ, ಪವನ್ ನೋಡಿದ. ಹಾಗಾದ್ರೆ ‘ಕೆಜಿಎಫ್’ ಬಗ್ಗೆ ಏನಂತೀಯ? ಅದು ಕಿರುಚಿಯೇ ಗೆದ್ದದ್ದಲ್ವಾ?

ಎಡಿಟರ್: 2022ರ ಮಾರ್ಚ್ 27, ರಾಜಾಜಿನಗರದ ಒರಾಯನ್ ಮಾಲ್. ‘ಚಾಪ್ಟರ್ 2’ ಟ್ರೇಲರ್ ಬಿಡುಗಡೆಗೆ ಕರಣ್ ಜೋಹರ್ ನಿರೂಪಣೆ, ಸಂಜಯ್ ದತ್, ರವೀನಾ ಟಂಡನ್, ನಮ್ಮ ಶಿವಣ್ಣ. ಐದು ಭಾಷೆ ಸೇರಿ ಒಂದೇ ದಿನದಲ್ಲಿ ಹತ್ತು ಕೋಟಿಗೂ ಹೆಚ್ಚು ಸಲ ನೋಡಿದ್ರು ಅಂತ ಚಿತ್ರತಂಡ ಹೇಳ್ತು. ನವರಂಗ್ ಚಿತ್ರಮಂದಿರದಿಂದ ಕೂಗಳತೆ ದೂರದಲ್ಲಿ ಒಂದು ಕನ್ನಡ ಟ್ರೇಲರ್‌ಗೆ ಮುಂಬೈ ಬಂದು ಕೂತಿದ್ದು ನನಗೆ ಹೆಮ್ಮೆಯ ವಿಷಯ, ಅದನ್ನ ಬಿಟ್ಟುಕೊಡಲ್ಲ. ಆದ್ರೆ ಆ ಅಬ್ಬರಕ್ಕೆ ಅಡಿಪಾಯ ಹಾಕಿದ್ದು 2018ರ ಮೊದಲ ಭಾಗದ ಆರಂಭ. ಅಲ್ಲಿ ಯಶ್ ಎಲ್ಲಿದ್ದಾರೆ ಹೇಳಿ? ಮೊದಲು ಬರೋದು ಅನಂತ್ ನಾಗ್. ಆನಂದ ಇಂಗಳಗಿ ಅನ್ನೋ ಲೇಖಕ ಬರೆದ ಪುಸ್ತಕವನ್ನ ಸರ್ಕಾರ ನಿಷೇಧ ಮಾಡಿದೆ. ಉಳಿದ ಒಂದು ಪ್ರತಿ ಟಿ.ವಿ.ಯವರ ಕೈಗೆ ಸಿಕ್ಕಿದೆ. ಮಾಳವಿಕಾ ಅವಿನಾಶ್ ಎದುರು ಕೂತು ಅನುಮಾನದಿಂದಲೇ ಪ್ರಶ್ನೆ ಕೇಳ್ತಾರೆ.

ಆಪರೇಟರ್: ಆ ಅನುಮಾನ ನಮ್ಮದೇ.

ಎಡಿಟರ್: ಅದೇ ಅದರ ಜಾಣ್ಮೆ. ಒಬ್ಬ ಮನುಷ್ಯ ಇಡೀ ಸೈನ್ಯದ ಎದುರು ನಿಲ್ಲೋದು ಅಂದ್ರೆ ನಂಬೋ ಮಾತಲ್ಲ. ನಾವು ನಗೋ ಮೊದಲೇ ಆಕೆ ನಮ್ಮ ಪರವಾಗಿ ನಂಬಲ್ಲ ಅಂತಾಳೆ. ಆಕೆಯ ಮುಖ ಗಂಭೀರ ಆಗ್ತಾ ಹೋದ ಹಾಗೆ ನಾವೂ ಒಳಗೆ ಇಳೀತೀವಿ. ಜೊತೆಗೆ ಅನಂತ್ ನಾಗ್ ದನಿ. ಆ ದನಿಯನ್ನ ಕನ್ನಡದೋರು ದಶಕಗಳಿಂದ ನಂಬಿಕೊಂಡು ಬಂದಿದ್ದಾರೆ. ಅದೇ ಕಥೆಯನ್ನ ಬೇರೆ ಯಾರಾದ್ರೂ ಹೇಳಿದ್ದಿದ್ರೆ ನಾನು ಅಷ್ಟು ಬೇಗ ಒಪ್ಪುತಿರಲಿಲ್ಲ.

ಆಪರೇಟರ್: ಆಮೇಲೆ ಬರೋ ಎಂಟ್ರಿ ಇದೆಯಲ್ಲ, ಬೂಟು, ಮುಷ್ಟಿ, ಬೆನ್ನು, ಕೊನೆಗೆ ಮುಖ, ಅದು ಸಿನಿಮಾದವರು ಕಂಡುಹಿಡಿದದ್ದಲ್ಲ. ಕರಾವಳಿ ಮೇಳದವರು ಬೆಂಗಳೂರಿಗೆ ಬಂದಾಗ ಯಕ್ಷಗಾನ ನೋಡಿದ್ದೀನಿ. ಬಣ್ಣದ ವೇಷ ರಂಗಕ್ಕೆ ಬರೋವಾಗ ಇಬ್ಬರು ತೆರೆ ಹಿಡಿದು ನಿಲ್ತಾರೆ. ಮೊದಲು ಬರೀ ಅಬ್ಬರ ಕೇಳುತ್ತೆ. ಆಮೇಲೆ ತೆರೆ ಮೇಲೆ ಕಿರೀಟದ ತುದಿ ಅಲ್ಲಾಡುತ್ತೆ, ಕೆಳಗೆ ಗೆಜ್ಜೆ ಕಾಲು ಕಾಣುತ್ತೆ. ತೆರೆ ಸ್ವಲ್ಪ ತಗ್ಗುತ್ತೆ, ಕಣ್ಣು ಕಂಡು ಮತ್ತೆ ಮರೆಯಾಗುತ್ತೆ. ಚೆಂಡೆ ಏರ್ತಾನೇ ಹೋಗುತ್ತೆ. ಮಕ್ಕಳು ತಾಯಿ ಸೆರಗು ಹಿಡ್ಕೊಳ್ತಾವೆ. ಆ ತೆರೆ ಪೂರ್ತಿ ಸರಿಯೋ ಹೊತ್ತಿಗೆ ರಾಕ್ಷಸ ನಮ್ಮ ತಲೆಯಲ್ಲಿ ಆಗಲೇ ಬಂದು ಕೂತಿರ್ತಾನೆ. ನಮ್ಮ ಜನಕ್ಕೆ ಎಂಟ್ರಿ ಅನ್ನೋದು ರಕ್ತದಲ್ಲಿ ಬಂದದ್ದು. ಅದನ್ನ ಯಾರೂ ಹಗುರ ಮಾಡಬಾರದು.

ಎಡಿಟರ್: ನಾನು ಹಗುರ ಮಾಡ್ತಿಲ್ಲ. ಎಲ್ಲ ಸಿನಿಮಾಕ್ಕೂ ಅದೇ ಬೇಕಾ ಅಂತ ಕೇಳ್ತಿದ್ದೀನಿ. ‘ನಾಗರಹಾವು’ ನೆನಪು ಮಾಡ್ಕೊಳ್ಳಿ. 1972. ವಿಷ್ಣುವರ್ಧನ್‌ಗೆ ನಾಯಕನಾಗಿ ಮೊದಲ ಸಿನಿಮಾ. ಈಗ ಅಂಥ ಹುಡುಗನ್ನ ಪರಿಚಯಿಸೋಕೆ ನೂರು ಜನ ಕುಣೀಬೇಕು. ಪುಟ್ಟಣ್ಣ ಏನು ಮಾಡಿದ್ರು?

ಆಪರೇಟರ್: ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ್ನ ತೋರಿಸಿದ್ರು.

ಎಡಿಟರ್: ಹೂಂ. ಲೋಕನಾಥ್ ಮಾಡಿದ ಪ್ರಿನ್ಸಿಪಾಲರು ಎಲ್ಲರೆದುರು ಅವಮಾನ ಮಾಡಿ ಹೊರಗೆ ಹಾಕ್ತಾರೆ. ರಾತ್ರಿ ಇವನು ಅವರ ಮನೆಗೆ ಕಲ್ಲು ಹೊಡೀತಾನೆ. ಹೊರಗೆ ಬಂದ ಮೇಷ್ಟ್ರನ್ನ ಅರೆಬೆತ್ತಲೆಯಲ್ಲೇ ಕಂಬಕ್ಕೆ ಕಟ್ಟಿ ಓಡ್ತಾನೆ. ತಪ್ಪು ಇವನದೇ, ಶಿಕ್ಷೆ ನ್ಯಾಯವೇ. ಆದ್ರೂ ಈ ಹುಡುಗ ಅವಮಾನ ನುಂಗೋನಲ್ಲ ಅಂತ ನಮಗೆ ಮೂಳೆಗೆ ನಾಟುತ್ತೆ. ಮುಂದೆ ಅಲಮೇಲು, ಮಾರ್ಗರೆಟ್, ಚಾಮಯ್ಯ ಮೇಷ್ಟ್ರು, ಕೊನೆಗೆ ಬೆಟ್ಟದ ತುದಿ, ಎಲ್ಲ ಹುಟ್ಟೋದು ಆ ಒಂದು ಸ್ವಭಾವದಿಂದ. ಅವನನ್ನ ಮೆಚ್ಚಿ ಅಂತ ಪುಟ್ಟಣ್ಣ ಕೇಳಲಿಲ್ಲ. ಇವನನ್ನ ಅರ್ಥ ಮಾಡ್ಕೊಳ್ಳಿ ಅಂದ್ರು. ನನಗೆ ಕನ್ನಡದ ಅತ್ಯುತ್ತಮ ಆರಂಭ ಅದೇ.

ಆಪರೇಟರ್: ನಿನ್ನ ಮಾತಿಗೆ ಅಡ್ಡ ಬರ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಪ್ರಶ್ನೆ ಪ್ರಶ್ನೆ ಅಂತೀವಲ್ಲ ಇಬ್ಬರೂ, ‘ಓಂ’ ನೂರಾರು ಸಲ ಮರುಬಿಡುಗಡೆ ಆಯ್ತು. ಬಂದವರಿಗೆ ಸತ್ಯ ಯಾಕೆ ರೌಡಿ ಆದ ಅಂತ ಗೊತ್ತು, ಮುಂದೇನು ಅಂತ ಗೊತ್ತು, ಮಾತು ಸಹಿತ ಬಾಯಿಪಾಠ. ಯಾವ ಟ್ರೇಲರೂ ಅವರಿಂದ ಏನೂ ಬಚ್ಚಿಟ್ಟಿಲ್ಲ. ಆದ್ರೂ ಹೌಸ್‌ಫುಲ್ ಬೋರ್ಡು ಹಾಕಿದ್ದಾರೆ.

ಎಡಿಟರ್: ಅದಕ್ಕೆ ನನ್ನ ಹತ್ತಿರ ಉತ್ತರ ಪೂರ್ತಿ ಇಲ್ಲ. ಬಹುಶಃ ಗೊತ್ತಿರೋದನ್ನ ಎಲ್ಲರ ಜೊತೆ ಕೂತು ಮತ್ತೆ ನೋಡೋ ಆಸೆ. ನೀವು ಕಿಂಡಿಯಿಂದ ನೋಡಿದ ಆ ತಿರುಗೋ ತಲೆ ಅಲ್ಲೂ ಇರುತ್ತೆ. ಈಗ ಬರುತ್ತೆ ನೋಡು ಅಂತ ಪಕ್ಕದವನಿಗೆ ಹೇಳೋಕೆ ತಿರುಗ್ತಾರೆ.

ಆಪರೇಟರ್: ಹಾಂ, ಅದು ನಿಜ. ‘ಜೇಮ್ಸ್’ ಟೀಸರ್ ಬಂದಾಗ ಅಪ್ಪುವೇ ಇರಲಿಲ್ಲ. 2021ರ ಅಕ್ಟೋಬರ್ 29ಕ್ಕೆ ಹೋದ್ರು, ಡಬ್ಬಿಂಗ್ ಮುಗಿದಿರಲಿಲ್ಲ, ಶಿವಣ್ಣ ದನಿ ಕೊಟ್ರು. ತಮ್ಮನ ಮುಖ, ಅಣ್ಣನ ದನಿ. ಸಿನಿಮಾ ಬಂದಾಗ ಹಲವು ಚಿತ್ರಮಂದಿರದಲ್ಲಿ ಒಂದು ಸೀಟು ಅವರಿಗೇ ಅಂತ ಬಿಟ್ಟಿದ್ರು. ಅವತ್ತು ಯಾರೂ ಕಥೆಗೆ ಬಂದಿರಲಿಲ್ಲ. ಟ್ರೇಲರ್, ಆರಂಭ, ಎಡಿಟಿಂಗು, ನಿಮ್ಮ ಯಾವ ಲೆಕ್ಕವೂ ಅಲ್ಲಿ ನಡೆಯಲ್ಲ.

ಎಡಿಟರ್: ನಡೆಯಲ್ಲ. ಅದನ್ನ ಬೇರೆಯಾಗೇ ಇಡೋಣ.

ಆಪರೇಟರ್: ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರ್ತೀನಿ. ಆರಂಭ ಎಷ್ಟೇ ಚೆನ್ನಾಗಿರಲಿ, ನೋಡೋರೆಲ್ಲಿ? ಟಿಕೆಟ್ಟಿನ ಮೇಲೆ ನಾಲ್ಕು ಗಂಟೆ ಅಂತ ಇದ್ರೂ ಸಿನಿಮಾ ನಾಲ್ಕೂವರೆಗೆ ಅಂತ ಎಲ್ಲರಿಗೂ ಅಭ್ಯಾಸ ಆಗಿದೆ. ಅದೇ ಒರಾಯನ್ ಮಾಲ್‌ನ ಪಿವಿಆರ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ಒಬ್ಬರು ‘ಸ್ಯಾಮ್ ಬಹದ್ದೂರ್’ ನೋಡೋಕೆ ಹೋದ್ರು. 4:05ರ ಆಟ, ಸಿನಿಮಾ ಶುರುವಾಗಿದ್ದು 4:30ಕ್ಕೆ. 25 ನಿಮಿಷ ಜಾಹೀರಾತು, ಟ್ರೇಲರ್. ಅವರು ಗ್ರಾಹಕರ ಆಯೋಗಕ್ಕೆ ಹೋದ್ರು. 2025ರ ಫೆಬ್ರುವರಿಯಲ್ಲಿ ಆಯೋಗ ಅವರ ಪರ ಆದೇಶ ಕೊಟ್ಟು, 1 ಲಕ್ಷ ರೂಪಾಯಿ ಗ್ರಾಹಕರ ಕಲ್ಯಾಣ ನಿಧಿಗೆ ಕಟ್ಟಿ ಅಂತಲೂ ಹೇಳ್ತು. ಮುಂದಿನ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕಾನೂನು ಏನಾದ್ರೂ ಆಗಲಿ, ಆ ಮನುಷ್ಯ ಕೇಳಿದ್ದು ನ್ಯಾಯವಾದ ಪ್ರಶ್ನೆ.

ಎಡಿಟರ್: ಸಣ್ಣ ಸಿನಿಮಾದವರಿಗೆ ದುಡ್ಡು ಕೊಟ್ಟು ಬರೋ ಪ್ರೇಕ್ಷಕ ಸಿಗೋದು ಆ 25 ನಿಮಿಷದಲ್ಲೇ, ಮಾವ. ಅದನ್ನ ಕಿತ್ತುಕೊಂಡ್ರೆ ನಮಗೆ ಉಳಿಯೋದು ಫೋನೊಂದೇ.

ಆಪರೇಟರ್: ನಿನ್ನ ಎರಡು ನಿಮಿಷಕ್ಕೆ ನನ್ನ ತಕರಾರಿಲ್ಲ. ಹದಿನೈದು ಜಾಹೀರಾತಿನ ನಡುವೆ ಅದನ್ನ ತುರುಕಿ ಕೊಲ್ಲೋದಕ್ಕೆ ತಕರಾರು. ಫಲ ಏನಾಗಿದೆ ನೋಡು. ಜನ ಬೇಕಂತಲೇ ತಡವಾಗಿ ಬರ್ತಾರೆ. ತಂಬಾಕಿನ ಎಚ್ಚರಿಕೆ ಮುಗಿದು, ಸೆನ್ಸಾರ್ ಸರ್ಟಿಫಿಕೇಟ್ ಬಂದು, ಸಿನಿಮಾ ಶುರುವಾದ ಮೇಲೆ ಫೋನಿನ ಲೈಟ್ ಬಿಟ್ಟುಕೊಂಡು ಸೀಟು ಹುಡುಕ್ತಾರೆ. ಇದು ಗೊತ್ತಿರೋ ನಿರ್ದೇಶಕ ಮೊದಲ ಐದು ನಿಮಿಷದಲ್ಲಿ ಮುಖ್ಯವಾದದ್ದೇನೂ ಇಡಲ್ಲ. ಡ್ರೋನ್ ಶಾಟು, ಒಂದು ಹಾಡು, ಹಿನ್ನೆಲೆ ದನಿ. ಅಲ್ಲಿಗೆ ಆರಂಭ ಸತ್ತಂತೆ. ಹಿಚ್‌ಕಾಕ್ ‘ಸೈಕೋ’ಗೆ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಹಟ ಹಿಡಿದಿದ್ದ. ಅಂಥ ಹಟ ಇಲ್ಲಿ ಯಾರು ಹಿಡೀತಾರೆ?

ಎಡಿಟರ್: ರಿಷಬ್ ಶೆಟ್ಟಿ ಬೇರೆ ರೀತಿ ಹಿಡಿದ್ರು. ‘ಕಾಂತಾರ’ ಮೊದಲ ಹತ್ತು ಹದಿನೈದು ನಿಮಿಷ ತಪ್ಪಿಸಿಕೊಂಡವನಿಗೆ ಸಿನಿಮಾ ಅರ್ಧ ದಕ್ಕಲ್ಲ. 1847ರಲ್ಲಿ ಎಲ್ಲ ಇದ್ದೂ ನೆಮ್ಮದಿ ಇಲ್ಲದ ರಾಜ. ಕಾಡಿನಲ್ಲಿ ಪಂಜುರ್ಲಿ ಕಲ್ಲಿನ ಮುಂದೆ ಅವನಿಗೆ ಶಾಂತಿ ಸಿಗುತ್ತೆ. ದೈವ ಬೇಕಾದ್ರೆ ಭೂಮಿ ಜನಕ್ಕೆ ಬಿಡಬೇಕು ಅಂತ ಮಾತಾಗುತ್ತೆ. 1970ಕ್ಕೆ ಬಂದ್ರೆ ಅವನ ವಂಶದವನು ಆ ಭೂಮಿ ವಾಪಸ್ ಕೇಳ್ತಾನೆ. ಕೋಲದಲ್ಲಿರೋ ದೈವವನ್ನೇ, ಮಾತಾಡ್ತಿರೋದು ದೈವನಾ ನರ್ತಕನಾ ಅಂತ ಪ್ರಶ್ನೆ ಮಾಡ್ತಾನೆ. ನರ್ತಕ ಕಾಡಿಗೆ ಓಡಿ ಮಾಯ. ಭೂಮಿ ಕೇಳಿದವನು ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯ್ತಾನೆ. ಕೊಟ್ಟ ಮಾತು ಒಂದು, ಮುರಿದ ಮಾತು ಒಂದು. ನಾಯಕ ಇನ್ನೂ ಚಿಕ್ಕ ಹುಡುಗ. ಕಂಬಳ ಬರೋದು ಆಮೇಲೆ. ಮೊದಲ ವಾರ ನೋಡಿದವರು ಎರಡನೇ ವಾರದವರಿಗೆ ಬೇಗ ಹೋಗಿ ಕೂತ್ಕೊಳ್ಳಿ ಅಂತ ಹೇಳಿ ಕಳಿಸ್ತಿದ್ರು, ನಮ್ಮ ಬೀದಿಯಲ್ಲೇ ಕೇಳಿದ್ದೀನಿ.

ಆಪರೇಟರ್: ಹೇಳಿ ಕಳಿಸಿದ್ರು ಅಂದ್ಯಲ್ಲ, ಅದಕ್ಕಿಂತ ದೊಡ್ಡ ಟ್ರೇಲರ್ ಇಲ್ಲ. ಈಗ ನಿನ್ನ ಸಿನಿಮಾ ಹೇಗೆ ಶುರುವಾಗುತ್ತೆ ಹೇಳು.

ಎಡಿಟರ್: ಪೊಲೀಸ್ ಸ್ಟೇಷನ್ ಬೆಂಚ್ ಮೇಲೆ ಒಬ್ಬ ತಾಯಿ. ಮಡಿಲಲ್ಲಿ ಮಗನ ಶಾಲೆ ಬ್ಯಾಗು. ಬರೋರು ಹೋಗೋರು ಯಾರೂ ಅವಳನ್ನ ಕೇಳಲ್ಲ. ಅವಳೂ ಯಾರನ್ನೂ ಕೇಳಲ್ಲ. ಪೂರ್ತಿ ಎರಡು ನಿಮಿಷ. ಕೊನೆಗೆ ಬ್ಯಾಗಿನ ಜಿಪ್ ತೆಗೀತಾಳೆ, ಒಳಗೆ ನೋಡಿ ತಕ್ಷಣ ಮುಚ್ಚಿ ಎದ್ದು ಹೊರಗೆ ಹೋಗ್ತಾಳೆ.

ಆಪರೇಟರ್: ದೂರು ಕೊಡದೇನೆ?

ಎಡಿಟರ್: ಕೊಡದೇನೆ.

ಆಪರೇಟರ್: ಬ್ಯಾಗಲ್ಲಿ ಏನಿತ್ತು?

ಎಡಿಟರ್: ನೋಡಿ, ನೀವೇ ಕೇಳ್ತಿದ್ದೀರಿ. ನಿರ್ಮಾಪಕರಿಗೆ ನಾನು ಇದನ್ನೇ ಹೇಳಬೇಕು. ಆದ್ರೆ ಫೋನಲ್ಲಿ ಸುಮ್ಮನೆ ಕೂತ ಹೆಂಗಸನ್ನ ಎರಡು ಸೆಕೆಂಡೂ ನೋಡಲ್ಲ, ಅದೂ ಸತ್ಯ. ಅದಕ್ಕೆ ಎರಡು ಕಟ್ ಮಾಡ್ತೀನಿ ಅಂತ ಯೋಚಿಸಿದ್ದೀನಿ. ಫೋನಿಗೆ 40 ಸೆಕೆಂಡಿನದು, ಶುರುವಿನಲ್ಲೇ ಅವಳು ಜಿಪ್ ತೆಗೆಯೋ ಕೈ. ಹೊಡೆದಾಟ ಬೇಕೇಬೇಕು ಅಂದ್ರೆ ಆಮೇಲೆ ನಾಲ್ಕು ಶಾಟ್ ಹಾಕಿಕೊಡ್ತೀನಿ, ಯಾರು ಯಾರಿಗೆ ಹೊಡೀತಿದ್ದಾರೆ ಅಂತ ತಿಳೀದ ಹಾಗೆ. ಚಿತ್ರಮಂದಿರಕ್ಕೆ ಬೇರೆಯದು, ಬೆಂಚಿನ ದೃಶ್ಯವೇ, ಹೆಚ್ಚುಕಮ್ಮಿ ಇದ್ದ ಹಾಗೇ. ಚಿತ್ರಮಂದಿರದ್ದಕ್ಕೆ ಸೆನ್ಸಾರ್ ಮಾಡಿಸೋದು ಹೇಗೂ ಇದ್ದೇ ಇದೆ, ಇದನ್ನೇ ಕಳಿಸಿದ್ರಾಯ್ತು.

ಆಪರೇಟರ್: ಒಪ್ತಾರಾ?

ಎಡಿಟರ್: ಫೋನಿಂದಕ್ಕೆ ಒಪ್ತಾರೆ. ಇನ್ನೊಂದಕ್ಕೆ ಜಗಳ ಆಡಬೇಕು.

ಆಪರೇಟರ್: ಆಡು. ಒಪ್ಪಿದ್ರೆ ಇನ್ನೊಂದು ಷರತ್ತೂ ಹಾಕು. ವೀರೇಶ್‌ನಲ್ಲೋ ನವರಂಗ್‌ನಲ್ಲೋ ಮ್ಯಾನೇಜರ್ ಹತ್ತಿರ ಮಾತಾಡಿ, ಇಂಟರ್‌ವಲ್ ಆದ ಮೇಲೆ ಹಾಕಿಸು. ಮೊದಲ ದಿನ ನೀನು ಪರದೆ ನೋಡಬೇಡ. ಬಾಲ್ಕನಿ ಕೊನೇ ಸಾಲಲ್ಲಿ ನಿಂತ್ಕೊಂಡು ತಲೆ ನೋಡು, ಆಮೇಲೆ ನನಗೆ ಫೋನ್ ಮಾಡು.